ಇಲಿ ಬಿದ್ದ ಊರು: ಬೆಳಗಾವಿ ಸೀಮೆಯ ಪ್ಲೇಗು ಮತ್ತು ಅದರ ಜೀನೋಮು

ಮುಂಬಯಿ ಕರ್ನಾಟಕಕ್ಕೆ ಪ್ಲೇಗು ರೈಲಿನ ದಾರಿ ಹಿಡಿದು ಬಂತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಾಸ್ ಈ ರೋಗವನ್ನು ಗುರುತಿಸಿದರು. ಮರುವರ್ಷದ ಆರಂಭದಲ್ಲಿ ಅದು ಪುಣೆಯಲ್ಲಿತ್ತು. ಪುಣೆಯಿಂದ ಬೆಳಗಾವಿ, ಲೋಂಡಾ, ಧಾರವಾಡಗಳನ್ನು ದಾಟಿ ಹುಬ್ಬಳ್ಳಿಗೆ ಹೋಗುವ ಸದರ್ನ್ ಮರಾಠಾ ರೈಲ್ವೆಯ ಹಳಿ ಬಿದ್ದು ಆಗ ಸುಮಾರು ಹತ್ತು ವರ್ಷವಷ್ಟೇ ಆಗಿತ್ತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ಬಂದ ರೈಲು ಪ್ರಯಾಣಿಕರೊಡನೆ ರೋಗ ಬೆಂಗಳೂರನ್ನೂ ಮುಟ್ಟಿತು. ಬಸವನಗುಡಿ, ಮಲ್ಲೇಶ್ವರಗಳಂಥ ವಿಶಾಲ ಬೀದಿಗಳ ಬಡಾವಣೆಗಳು ಬೇಗ ಬೆಳೆದುದಕ್ಕೆ ಈ ಪ್ಲೇಗೂ ಒಂದು ಕಾರಣ.

ನೇಸರಗಿಯಂಥ ಊರುಗಳಿಗೆ ರೈಲು ಇರಲಿಲ್ಲ. ಇಂದು ಬೈಲಹೊಂಗಲ ತಾಲ್ಲೂಕಿನಲ್ಲಿರುವ ಈ ಊರು ಆಗ ಸಂಪಗಾವಿ ತಾಲ್ಲೂಕಿಗೆ ಸೇರಿತ್ತು. ಕಚೇರಿ ಮಾತ್ರ ಬೈಲಹೊಂಗಲದಲ್ಲೇ ಇತ್ತು. ಸವದತ್ತಿಯ ಸೀಮೆ ಪರಸಗಡ ತಾಲ್ಲೂಕು ಎನಿಸಿಕೊಂಡಿತ್ತು. ಇಲ್ಲಿಯ ಸಂಚಾರವೆಲ್ಲ ಹತ್ತಿ ಮತ್ತು ಜೋಳ ಹೇರಿದ ಚಕ್ಕಡಿಗಳದು. ಪೇಟೆಯಿಂದ ಹಳ್ಳಿಗೆ ರೋಗ ಸಾಗಲು ಅಷ್ಟೇ ಸಾಕಾಗಿತ್ತು, ಏಕೆಂದರೆ ಇಲಿಯ ಚಿಗಟ ಕಾಳಿನ ಚೀಲದಲ್ಲಿ, ಹತ್ತಿಯ ಅಂಡಿಗೆಯಲ್ಲಿ, ಹಾಸಿಗೆ ಸುರುಳಿಯಲ್ಲಿ ದಿನಗಟ್ಟಲೆ ಬದುಕಿರಬಲ್ಲದು. ಮಣ್ಣಿನ ಮಾಳಿಗೆಯ ಮನೆ, ಒಳಗೇ ದನದ ಕೊಟ್ಟಿಗೆ, ನೆಲದಡಿ ಜೋಳ ತುಂಬಿದ ಹಗೇವು, ದಪ್ಪ ಗೋಡೆಗಳಲ್ಲಿ ಬಿಲ: ಸುಗ್ಗಿಯನ್ನು ಮಳೆಯಿಂದ, ಕಳ್ಳರಿಂದ ಕಾಯಲು ತಲೆಮಾರುಗಳಿಂದ ಕಟ್ಟಿಕೊಂಡ ಮನೆಯೇ ಇಲಿಗೂ ಒಳ್ಳೆಯ ಮನೆಯಾಗಿತ್ತು.

ರೋಗದ ಮುನ್ಸೂಚನೆಯೂ ಅಲ್ಲಿಂದಲೇ ಬರುತ್ತಿತ್ತು. ಮಾಳಿಗೆಯ ತೊಲೆಯಿಂದ ಇಲಿಯೊಂದು ತಲೆತಿರುಗಿದಂತೆ ತೂರಾಡಿ, ಹಗಲಿನಲ್ಲೇ ಮಂದಿಯ ನಡುವೆ ಬಿದ್ದು ಸಾಯುತ್ತಿತ್ತು. ಕನ್ನಡದಲ್ಲಿ ಇದಕ್ಕೆ ‘ಇಲಿ ಬೀಳುವುದು’ ಎಂಬ ಮಾತೇ ನಿಂತುಬಿಟ್ಟಿತು. ‘ಇಲಿ ಬಿದ್ದಾವಂತ’ ಎಂದರೆ ಪ್ಲೇಗು ಬಂತೆಂದೇ ಅರ್ಥ. ಒಂದೆರಡು ವಾರದಲ್ಲಿ ಮನುಷ್ಯರಿಗೆ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಬಹುಪಾಲು ಜನಕ್ಕೆ ವಾರದೊಳಗೆ ಸಾವು.

ಇಲಿ ಬಿದ್ದ ಕೂಡಲೇ ಊರು ಬಿಡುವುದು ಬರಬರುತ್ತ ಪದ್ಧತಿಯಾಯಿತು. ಮನೆಗೆ ಬೀಗ ಹಾಕಿ, ದನಕರು, ಬೀಸುವ ಕಲ್ಲು, ಪಾತ್ರೆಪಡಗ ಸಮೇತ ಹೊಲಕ್ಕೆ ಹೋಗಿ, ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಒಂದು ದಿನ ಇಡೀ ಊರೇ ಹೊರಗೆ ಹೋಗಿ ಅಡುಗೆ ಮಾಡಿ ಉಣ್ಣುವ ಹೊರಬೀಡು ಕನ್ನಡ ನಾಡಿನ ಹಲವೆಡೆ ಮೊದಲೇ ಇದ್ದ ಆಚರಣೆ. ಊರನ್ನು ಖಾಲಿ ಮಾಡುವುದು ಈ ಜನಕ್ಕೆ ತೀರ ಹೊಸದಾಗಿರಲಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯಲ್ಲಿ ಹಳೇ ಮೈಸೂರು ಸೀಮೆಯ ಇಂಥದೇ ಊರುಬಿಡುವಿಕೆಯ ಚಿತ್ರವಿದೆ. 1897ರ ಫೆಬ್ರುವರಿಯ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಸರ್ಕಾರವೂ ಊರು ಖಾಲಿ ಮಾಡಿಸಿತು, ಜೊತೆಗೆ ಮನೆ ಶೋಧನೆ, ಪ್ರಯಾಣಿಕರ ತಪಾಸಣೆ, ಬಲವಂತದ ಆಸ್ಪತ್ರೆ ವಾಸವನ್ನೂ ತಂದಿತು. ಜನ ರೋಗಕ್ಕಿಂತ ತಪಾಸಣೆಗೆ ಹೆಚ್ಚು ಹೆದರಿದರು, ರೋಗಿಗಳನ್ನು ಬಚ್ಚಿಟ್ಟರು. ತಾವಾಗಿ ಹೊಲಕ್ಕೆ ಹೋಗುವುದಕ್ಕೂ ಸಿಪಾಯಿ ಬಂದು ಎಬ್ಬಿಸಿ ಕಳಿಸುವುದಕ್ಕೂ ಇರುವ ಅಂತರವನ್ನು ಅಂದಿನ ಆಡಳಿತ ತಡವಾಗಿ ಅರಿತುಕೊಂಡಿತು.

ಸಾವಿನ ಗುರುತು ಜನಗಣತಿಯಲ್ಲಿ ಉಳಿದಿದೆ. 1891ರಲ್ಲಿ ಹತ್ತು ಲಕ್ಷ ದಾಟಿದ್ದ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 1901ರಲ್ಲಿ ಅದಕ್ಕಿಂತ ಕೆಳಗಿಳಿಯಿತು, 1911ರಲ್ಲಿ ಇನ್ನೂ ಇಳಿಯಿತು. ಇದರಲ್ಲಿ ಆ ದಶಕಗಳ ಬರಗಾಲದ ಪಾಲೂ ಇದೆ.

ಈ ಸೀಮೆಯ ಪ್ಲೇಗಿನ ಚರಿತ್ರೆಯಲ್ಲಿ ಹೆಮ್ಮೆಯಿಂದ ನೆನೆಯಬೇಕಾದ ಅಧ್ಯಾಯ ಹುಬ್ಬಳ್ಳಿಯ ಚುಚ್ಚುಮದ್ದು. ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಪುಟ್ಟ ಕೋಣೆಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಸಾರಿನ ಬುರುಡೆಯ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ಒಂದೊಂದು ಹನಿಯ ಅಡಿಯಿಂದ ಪ್ಲೇಗಿನ ಬ್ಯಾಕ್ಟೀರಿಯಾ ಬಿಳಲಿನಂತೆ ಕೆಳಕ್ಕೆ ಇಳಿಬೀಳುತ್ತ ಬೆಳೆಯುತ್ತಿತ್ತು. ಬುರುಡೆಯನ್ನು ಅಲ್ಲಾಡಿಸಿದರೆ ಬಿಳಲು ಕಳಚಿ ತಳ ಸೇರಿ, ಹೊಸ ಬಿಳಲು ಹುಟ್ಟುತ್ತಿತ್ತು. ಹೀಗೆ ಬೆಳೆದುದನ್ನು ಕಾಯಿಸಿ ಕೊಂದರೆ ಲಸಿಕೆ ಸಿದ್ಧ. 1898ರ ಮಳೆಗಾಲದಲ್ಲಿ ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅದನ್ನು ಚುಚ್ಚಿಸಿಕೊಂಡರು. ಇಡೀ ಊರೊಂದು ಹೀಗೆ ಲಸಿಕೆ ಹಾಕಿಸಿಕೊಂಡದ್ದು ಆ ಕಾಲಕ್ಕೆ ದೊಡ್ಡ ಮಾತು.

ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಇಂದು ಅದರ ಹೆಸರು ಯೆರ್ಸಿನಿಯಾ ಪೆಸ್ಟಿಸ್. ಇಲಿಯಿಂದ ಮನುಷ್ಯರಿಗೆ ಅದನ್ನು ತರುವುದು ಚಿಗಟ ಎಂದು ಪಾಲ್ ಲೂಯಿ ಸಿಮೋಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ ನಂಬಿದವರು ಕಡಿಮೆ. 1905ರ ನಂತರ ಮುಂಬಯಿಯ ಪರೇಲಿನಲ್ಲಿ ನಡೆದ ಪ್ರಯೋಗಗಳು ಅದನ್ನು ಖಚಿತಪಡಿಸಿದವು. ಆದರೆ ಈ ಬ್ಯಾಕ್ಟೀರಿಯಾ ಎಲ್ಲಿಂದ ಹುಟ್ಟಿತು, ಚಿಗಟವನ್ನು ಸವಾರಿ ಮಾಡಿಕೊಂಡದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು. ಉತ್ತರ ಕೊಟ್ಟವರು ಸೂಕ್ಷ್ಮಜೀವಿಗಳ ಜೀನೋಮನ್ನು ಓದುವ ವಿಕಾಸ ವಿಜ್ಞಾನಿಗಳು.

ಅವರಲ್ಲಿ ಮಾರ್ಕ್ ಆಕ್ಟ್‌ಮನ್ ಅವರ ವೃತ್ತಿಜೀವನ ಈ ವಿದ್ಯೆಯ ಬೆಳವಣಿಗೆಯನ್ನೇ ತೋರಿಸುತ್ತದೆ. ಕೆನಡಾದಲ್ಲಿ ಹುಟ್ಟಿದ ಅವರು ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಆರಂಭದಲ್ಲಿ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಜೀನುಗಳನ್ನು ದಾಟಿಸುವ ಬಗೆಯನ್ನು ಅಭ್ಯಸಿಸಿದರು, ಬಳಿಕ ಆಫ್ರಿಕದ ಮಿದುಳುಪೊರೆ ಜ್ವರದ ಅಲೆಗಳತ್ತ ತಿರುಗಿದರು. 1998ರಲ್ಲಿ ಅವರೂ ಸಹೋದ್ಯೋಗಿಗಳೂ ಕೆಲವೇ ಜೀನುಗಳ ತುಣುಕುಗಳ ಡಿಎನ್‌ಎ ಅಕ್ಷರಗಳನ್ನು ಹೋಲಿಸಿ ಬ್ಯಾಕ್ಟೀರಿಯಾದ ಮನೆತನ ಗುರುತಿಸುವ ವಿಧಾನ ರೂಪಿಸಿದರು. ಮರುವರ್ಷ ಅದೇ ದಾರಿಯಲ್ಲಿ ಜಗತ್ತಿನ ಹಲವೆಡೆಯ 36 ಪ್ಲೇಗು ಮಾದರಿಗಳನ್ನು ನೋಡಿದಾಗ, ಓದಿದ ಜೀನುಗಳಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ಸಿಗಲಿಲ್ಲ. ವ್ಯತ್ಯಾಸ ಕೂಡಿಬರಲು ಕಾಲ ಬೇಕು. ಅದಿಲ್ಲವೆಂದರೆ ಈ ಬ್ಯಾಕ್ಟೀರಿಯಾ ತೀರ ಎಳೆಯದು. ಹೊಟ್ಟೆನೋವು ಜ್ವರ ತರುವ ಯೆರ್ಸಿನಿಯಾ ಸ್ಯೂಡೊಟ್ಯುಬರ್ಕ್ಯುಲೋಸಿಸ್ ಎಂಬ ಕರುಳಿನ ಬ್ಯಾಕ್ಟೀರಿಯಾದಿಂದ ಪ್ಲೇಗು ಕವಲೊಡೆದು ಹೆಚ್ಚೆಂದರೆ 20,000 ವರ್ಷ ಎಂದು ಅವರು ಲೆಕ್ಕ ಹಾಕಿದರು.

2001ರಲ್ಲಿ ಜೂಲಿಯನ್ ಪಾರ್ಕ್‌ಹಿಲ್ ಅವರ ತಂಡ ಪ್ಲೇಗಿನ ಇಡೀ ಜೀನೋಮನ್ನು ಪ್ರಕಟಿಸಿತು: ಒಂದು ಕ್ರೋಮೊಸೋಮಿನಲ್ಲಿ ಸುಮಾರು 46.5 ಲಕ್ಷ ಅಕ್ಷರಗಳು, ಜೊತೆಗೆ ಪ್ಲಾಸ್ಮಿಡ್ಡುಗಳೆಂಬ ಮೂರು ಪುಟ್ಟ ಡಿಎನ್‌ಎ ಬಳೆಗಳು. ಅದರಲ್ಲಿ ಎದ್ದು ಕಂಡದ್ದು ಮುರಿದ ಜೀನುಗಳು, ಸುಮಾರು 150. ಕರುಳಿನ ಬದುಕು ಬಿಟ್ಟ ಮೇಲೆ ಬೇಡವಾದ ಸಾಮಾನುಗಳು ಅಲ್ಲೇ ತುಕ್ಕು ಹಿಡಿದು ಬಿದ್ದಿದ್ದವು.

ಮುರಿದವೆಲ್ಲ ಕಸವಲ್ಲ ಎಂದು ಅಮೆರಿಕದ ಮೊಂಟಾನಾದ ಪ್ರಯೋಗಾಲಯದಲ್ಲಿ ಜೋಸೆಫ್ ಹಿನ್ನೆಬುಶ್ ಅವರ ಬಳಗ 2014ರಲ್ಲಿ ತೋರಿಸಿತು. ಪೂರ್ವಜ ಬ್ಯಾಕ್ಟೀರಿಯಾದಲ್ಲಿ ಯೂರಿಯಾವನ್ನು ಒಡೆಯುವ ಕಿಣ್ವವಿದೆ, ಅದು ಚಿಗಟಕ್ಕೆ ವಿಷ. ಪ್ಲೇಗಿನಲ್ಲಿ ಆ ಕಿಣ್ವದ ಒಂದು ಜೀನಿನೊಳಗೆ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿ ಕೆಲಸ ನಿಂತಿದೆ. ಹೀಗಾಗಿ ಸವಾರನನ್ನು ಹೊತ್ತ ಚಿಗಟ ಆ ವಿಷಕ್ಕೆ ಸಾಯುವುದಿಲ್ಲ. ಇನ್ನೂ ಮೂರು ಜೀನುಗಳು ಕೆಟ್ಟದ್ದರಿಂದ ಬ್ಯಾಕ್ಟೀರಿಯಾ ಚಿಗಟದ ಅನ್ನನಾಳದ ಕೊನೆಯ ಕವಾಟದಲ್ಲಿ ಲೋಳೆಯ ಮುದ್ದೆ ಕಟ್ಟುತ್ತದೆ. ಕುಡಿದ ರಕ್ತ ಹೊಟ್ಟೆಗೆ ಇಳಿಯದೆ, ಹಸಿವು ತಾಳಲಾರದೆ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ, ಪ್ರತಿ ಸಲವೂ ಮುದ್ದೆಯ ಚೂರನ್ನು ಗಾಯದೊಳಗೆ ಕಕ್ಕುತ್ತದೆ. ಹೊರಗಿನಿಂದ ಬಂದದ್ದೂ ಒಂದಿದೆ, ವೈಎಂಟಿ ಎಂಬ ಜೀನು. ಚಿಗಟದ ಕರುಳಿನಲ್ಲಿ ಬ್ಯಾಕ್ಟೀರಿಯಾ ಜೀರ್ಣವಾಗದಂತೆ ಕಾಯುವುದು ಅದೇ.

ಇಲಿ ಸತ್ತು ಮೈ ತಣ್ಣಗಾದಾಗ ಈ ಹಸಿದ ಚಿಗಟಗಳು ಅದನ್ನು ಬಿಟ್ಟು ಹೊರಡುತ್ತವೆ. ಇನ್ನೊಂದು ಇಲಿ ಸಿಗದಿದ್ದರೆ ಮನುಷ್ಯನೇ ಗತಿ. ಇಲಿ ಬಿದ್ದದ್ದಕ್ಕೂ ಮನೆಯಲ್ಲಿ ಜ್ವರ ಕಾಣಿಸಿದ್ದಕ್ಕೂ ನಡುವೆ ಇದ್ದ ಒಂದೆರಡು ವಾರದ ಬಿಡುವು ಇದರದೇ ಫಲ. ಆ ಬಿಡುವಿನಲ್ಲೇ ಬೈಲಹೊಂಗಲ, ಸವದತ್ತಿ ಸೀಮೆಯ ರೈತ ಚಕ್ಕಡಿ ಹೂಡುತ್ತಿದ್ದ. ಕಾರಣ ತಿಳಿಯದೆಯೂ ಅವನು ಎಣಿಸಿದ ಲೆಕ್ಕ ಸರಿಯಾಗಿತ್ತು.

ಹಳೆಯ ಹಲ್ಲುಗಳಲ್ಲಿ ಉಳಿದ ಡಿಎನ್‌ಎ ಈ ಕಥೆಯನ್ನು ಇನ್ನಷ್ಟು ಹಿಂದಕ್ಕೆ ಒಯ್ದಿದೆ. 2011ರಲ್ಲಿ ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನದಿಂದ 1348–50ರ ಪ್ಲೇಗು ಮಹಾಮಾರಿಯ ಜೀನೋಮು ಸಿಕ್ಕಿತು. ಇಂದಿನ ಪ್ಲೇಗಿಗೂ ಅದಕ್ಕೂ ಬಹಳ ಕಡಿಮೆ ವ್ಯತ್ಯಾಸ. 2015ರಲ್ಲಿ ಸುಮಾರು 5,000 ವರ್ಷದಷ್ಟು ಹಳೆಯ ಕಂಚಿನ ಯುಗದ ಹಲ್ಲುಗಳಲ್ಲೂ ಪ್ಲೇಗು ಕಂಡಿತು, ಆದರೆ ಅದರಲ್ಲಿ ವೈಎಂಟಿ ಇರಲಿಲ್ಲ. ವೋಲ್ಗಾ ತೀರದ ಸಮಾರಾದ 3,800 ವರ್ಷ ಹಿಂದಿನ ಹಲ್ಲಿನಲ್ಲಿ ಆ ಜೀನು ಕಾಣಿಸುತ್ತದೆ.

ಮುಂಬಯಿ, ಹುಬ್ಬಳ್ಳಿಗಳನ್ನು ಕಾಡಿದ ಅಲೆಯೂ ಸೇರಿದ ಪ್ಲೇಗಿನ ವಂಶವೃಕ್ಷವನ್ನು ಆಕ್ಟ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಬರೆದರು. ಬೇರು ಚೀನಾದಲ್ಲಿ ಅಥವಾ ಅದರ ಆಸುಪಾಸಿನಲ್ಲಿ. ಹಾಂಗ್‌ಕಾಂಗಿನಿಂದ ಹಡಗೇರಿದ ಕವಲಿಗೆ 1.ಓಆರ್‌ಐ ಎಂದು ಹೆಸರು. ಅಮೆರಿಕದ 626 ಮಾದರಿಗಳೂ ಒಂದೇ ಟೊಂಗೆಯವು, ಮಡಗಾಸ್ಕರಿನ 82 ಮಾದರಿಗಳು ಇನ್ನೊಂದು ಟೊಂಗೆಯವು. ಮಡಗಾಸ್ಕರಿಗೆ ಪ್ಲೇಗು ಇಳಿದದ್ದು 1898ರ ನವೆಂಬರಿನಲ್ಲಿ, ಭಾರತದಿಂದ ಹೋದ ಹಡಗಿನಲ್ಲಿ, ಹುಬ್ಬಳ್ಳಿಯ ಚುಚ್ಚುಮದ್ದು ಮುಗಿದ ಕೆಲವೇ ವಾರಗಳಲ್ಲಿ.

ಕರ್ನಾಟಕದಲ್ಲಿ ರೋಗ ಕ್ರಮೇಣ ಆರಿತು. ಇಪ್ಪತ್ತನೆಯ ಶತಮಾನದ ನಡುವಿಗೆ ಚಿಗಟ ಕೊಲ್ಲುವ ಡಿಡಿಟಿ, ರೋಗ ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಬಂದವು. 1994ರಲ್ಲಿ ದೇಶದಲ್ಲಿ ಪ್ಲೇಗು ಮತ್ತೆ ಕಾಣಿಸಿಕೊಳ್ಳುವುದಕ್ಕೆ ಮುಂಚೆ ಪ್ರಯೋಗಾಲಯ ದೃಢಪಡಿಸಿದ ಕೊನೆಯ ಮಾನವ ಪ್ಲೇಗು 1966ರದು, ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯದು. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಆ ಸೀಮೆಯ ಇಲಿಗಳ ರಕ್ತವನ್ನೂ ಚಿಗಟಗಳನ್ನೂ ಬೆಂಗಳೂರಿನ ಪ್ಲೇಗು ಕಣ್ಗಾವಲು ಘಟಕ ಪರೀಕ್ಷಿಸುತ್ತ ಬಂದಿದೆ. ಮಡಗಾಸ್ಕರಿನಲ್ಲಿ ಮಾತ್ರ 1898ರ ಟೊಂಗೆ ಹಸಿರಾಗಿಯೇ ಇದೆ. 2017ರಲ್ಲಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಪ್ಲೇಗಿಗೆ ತುತ್ತಾದರು, ಇನ್ನೂರಕ್ಕೂ ಹೆಚ್ಚು ಜನ ಸತ್ತರು.