ಹತ್ತು ಪರ್ವಕ್ಕೆ ನಿಂತ ಕಥೆ

ಹನ್ನೊಂದೂವರೆ ವರ್ಷ ಜನರನ್ನ ಕಾಯಿಸಿ ಓದಿಸಿದ ‘ಅಟ್ಯಾಕ್ ಆನ್ ಟೈಟಾನ್’ 2021ರ ಏಪ್ರಿಲ್‌ನಲ್ಲಿ 139ನೇ ಅಧ್ಯಾಯಕ್ಕೆ ಮುಗಿಯಿತು. ಬ್ರೂಕ್‌ಫೀಲ್ಡ್‌ನ ನಮ್ಮ ಆಫೀಸಿನ ಊಟದ ಟೇಬಲ್ ಮೇಲೆ ಅದರ ಜಗಳ ಇನ್ನೂ ಮುಗಿದಿಲ್ಲ. ಎರೆನ್ ಹಾಗೆ ಸಾಯಬಾರದಿತ್ತು ಅಂತ ಒಬ್ಬ, ಹಾಗೇ ಸಾಯಬೇಕಿತ್ತು ಅಂತ ಇನ್ನೊಬ್ಬಳು. ಕೊನೆಯ ಸಂಪುಟ ಪುಸ್ತಕವಾಗಿ ಬಂದಾಗ ಇಸಾಯಾಮ ಕೆಲವು ಪುಟ ಸೇರಿಸಿದ; ಜಗಳಕ್ಕೆ ಇನ್ನಷ್ಟು ಸೌದೆ ಸಿಕ್ಕಿತು, ಅಷ್ಟೇ.

ಈ ಜಗಳ ಕನ್ನಡಕ್ಕೆ ಹೊಸದಲ್ಲ. ಸಾವಿರ ವರ್ಷಕ್ಕಿಂತ ಹಳೆಯದು, ಕಥೆ ಮಾತ್ರ ಮಹಾಭಾರತದ್ದು.

941ರಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಯುದ್ಧ ಮುಗಿದ ಮೇಲೆ ಪಟ್ಟ ಯಾರಿಗೆ? ಧರ್ಮರಾಯನಿಗಲ್ಲ, ಅರ್ಜುನನಿಗೆ. ಪಕ್ಕದಲ್ಲಿ ಕೂರುವವಳು ಸುಭದ್ರೆ. ದ್ರೌಪದಿ ಅಲ್ಲಿ ಅರ್ಜುನನೊಬ್ಬನ ಹೆಂಡತಿ. ಕಾರಣ ಸರಳ: ಆಶ್ರಯ ಕೊಟ್ಟ ಅರಿಕೇಸರಿಯನ್ನ ಪಂಪ ಅರ್ಜುನನ ಜೊತೆ ಸಮೀಕರಿಸಿದ್ದ. ಅದೇ ಶತಮಾನದ ಕೊನೆಗೆ ರನ್ನ ಬಂದ. ಅವನ ದೊರೆ ಸತ್ಯಾಶ್ರಯ, ದೊರೆಗೆ ಹೊಂದಿಸಿದ ನಾಯಕ ಭೀಮ. ಹಾಗಾಗಿ ಪಟ್ಟ ಭೀಮನಿಗೆ, ಜೊತೆಗೆ ದ್ರೌಪದಿಗೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕ್ಲೈಂಟ್ ಬದಲಾದ, ಕ್ಲೈಮ್ಯಾಕ್ಸ್ ಬದಲಾಯ್ತು. ಆದ್ರೆ ಇಬ್ಬರೂ ಬರೀ ಕ್ಲೈಂಟ್ ಹೇಳಿದ್ದನ್ನ ಮಾಡಿಕೊಟ್ಟವರಲ್ಲ. ಪಂಪನಿಗೆ ಕರ್ಣನ ಮೇಲೆ, ರನ್ನನಿಗೆ ದುರ್ಯೋಧನನ ಮೇಲೆ ಇರೋ ಪ್ರೀತಿ ಯಾವ ದೊರೆಯ ಬಿಲ್ಲಿಗೂ ಸೇರೋದಲ್ಲ.

ನನಗೆ ಹೆಚ್ಚು ಕಾಡೋದು ಗದುಗಿನ ನಾರಣಪ್ಪನ ವಿಷಯ. ವ್ಯಾಸರದು ಹದಿನೆಂಟು ಪರ್ವ. ಕುಮಾರವ್ಯಾಸ ಹತ್ತಕ್ಕೇ, ಗದಾಪರ್ವಕ್ಕೇ ನಿಲ್ಲಿಸಿದ. ಮುಂದೆ ಇರೋದು ಶರಶಯ್ಯೆಯ ಭೀಷ್ಮನ ಉದ್ದನೆಯ ಉಪದೇಶ, ಅಶ್ವಮೇಧ, ಕಾಡಿಗೆ ಹೋಗೋ ಧೃತರಾಷ್ಟ್ರ, ಗಾಂಧಾರಿ, ಕುಂತಿ. ಆಮೇಲೆ ಮೌಸಲ ಪರ್ವ: ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿ ಸಾಯ್ತಾರೆ, ಬೇಡನ ಬಾಣಕ್ಕೆ ಕೃಷ್ಣ ಬೀಳ್ತಾನೆ. ಕೃಷ್ಣನ ಕಥೆ ಹೇಳ್ತೀನಿ ಅಂತಲೇ ಶುರು ಮಾಡಿದ ಭಕ್ತನಿಗೆ ಅದನ್ನ ಬರೆಯೋಕೆ ಕೈ ಬರಲಿಲ್ಲ ಅನ್ನೋದು ನನ್ನ ಊಹೆ. ಒದ್ದೆ ಬಟ್ಟೆ ಆರೋವರೆಗೆ ಮಾತ್ರ ಪದ್ಯ ಬರ್ತಿತ್ತು ಅನ್ನೋ ಐತಿಹ್ಯ ಎಲ್ಲರಿಗೂ ಗೊತ್ತು. ಹತ್ತನೇ ಪರ್ವಕ್ಕೆ ಬಟ್ಟೆ ಆರಿತು ಅಂತ ಹೇಳಿ ಕೈತೊಳೆದುಕೊಳ್ಳೋದು ನನಗೆ ಒಪ್ಪಿಗೆಯಿಲ್ಲ. ಅಷ್ಟು ಬರೆದವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಲ್ವಾ?

ನಮ್ಮೂರಲ್ಲಿ ಮಳೆ ತಡವಾದ್ರೆ ವಿರಾಟಪರ್ವ ಓದಿಸ್ತಿದ್ರು. ಪೂರ್ತಿ ಓದಿಸಿದ ವರ್ಷ ಗದಾಪರ್ವ ಮುಗಿಸಿ, ಪುಸ್ತಕಕ್ಕೆ ಮಂಗಳಾರತಿ ಎತ್ತಿ, ಪಾನಕ ಕೋಸಂಬರಿ ಹಂಚಿದ್ರೆ ಭಾರತ ಮುಗೀತು ಅಂತಲೇ ಲೆಕ್ಕ. “ಗೆದ್ದೋರು ಆಮೇಲೆ ಸುಖವಾಗಿದ್ರಾ?” ಅಂತ ನಮ್ಮಜ್ಜಿ ಒಂದ್ಸಲ ಕೇಳಿದ್ದಳು. ತಾತ, “ಅದನ್ನ ಮನೇಲಿ ಓದಬಾರದು ಕಣೇ” ಅಂದುಬಿಟ್ಟರು. ಅಜ್ಜಿ ಸುಮ್ಮನಾಗಲಿಲ್ಲ. ಮಕ್ಕಳನ್ನೆಲ್ಲ ಕಳಕೊಂಡ ದ್ರೌಪದಿಗೆ ಪಟ್ಟ ಕಟ್ಟಿಸಿಕೊಂಡು ಏನಾಗಬೇಕು ಅಂತ ಬತ್ತಿ ಹೊಸೀತಾನೇ ಗೊಣಗ್ತಿದ್ದಳು.

ಆ ಪ್ರಶ್ನೆ ವಿಜಯನಗರದಲ್ಲೂ ಎದ್ದಿರಬೇಕು. ಹದಿನಾರನೇ ಶತಮಾನದಲ್ಲಿ ಕೃಷ್ಣದೇವರಾಯ ತಿಮ್ಮಣ್ಣಕವಿಯಿಂದ ಉಳಿದ ಪರ್ವಗಳನ್ನ ಬರೆಸಿದ. ‘ಕೃಷ್ಣರಾಯ ಭಾರತ’ ಅಂತ ಹೆಸರು, ಛಂದಸ್ಸು ಅದೇ ಭಾಮಿನಿ ಷಟ್ಪದಿ. ಸ್ವರ್ಗಾರೋಹಣದವರೆಗೆ ಕಥೆ ಪೂರ್ತಿ ಆಯ್ತು. ಅಂದ್ರೆ ಆಗಿನ ಕಾಲದ ಅತಿ ದೊಡ್ಡ ಅರಸನೇ ನಿಂತು ಅಧಿಕೃತವಾಗಿ ಮುಗಿಸಿಕೊಟ್ಟ ಕಥೆ.

ಓದುಗರು ಅದನ್ನ ಮನೆಯೊಳಗೆ ಅಷ್ಟಾಗಿ ಬಿಟ್ಟುಕೊಳ್ಳಲಿಲ್ಲ. ಕುವೆಂಪು, ಮಾಸ್ತಿ ಸಂಪಾದಿಸಿದ ಗದುಗಿನ ಭಾರತದ ಜನಪ್ರಿಯ ಆವೃತ್ತಿಯಲ್ಲಿ ಇರೋದೂ ಹತ್ತೇ ಪರ್ವ. ತಿಮ್ಮಣ್ಣನ ಹೆಸರು ಪರೀಕ್ಷೆಗೆ ಓದಿದವರಿಗೆ ಗೊತ್ತು, ಗಮಕಿಗಳ ಬಾಯಲ್ಲಿ ಕೇಳೋದು ಅಪರೂಪ. ಅವನ ಪದ್ಯಗಳಲ್ಲಿ ನಾರಣಪ್ಪನ ಮಿಂಚು ಇಲ್ಲ, ನಿಜ. ಆದರೂ ಅಜ್ಜಿ ಕೇಳಿದ್ದಕ್ಕೆ ಉತ್ತರ ಅವನ ಪುಸ್ತಕದಲ್ಲೇ ಇತ್ತು. ಅದು ನಮ್ಮ ಮನೆಯ ಕಪಾಟಿನಲ್ಲಿ ಇರಲಿಲ್ಲ.