ಕೊಂಡ ನೆಲ, ಕಲಿತ ವಿಮಾನ

1982ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಮೊದಲ ಫ್ಲೈಟ್ ಸಿಮ್ಯುಲೇಟರಿನ ಜಗತ್ತೆಂದರೆ ಅಮೆರಿಕದ ನಾಲ್ಕು ಪ್ರದೇಶಗಳು. ಶಿಕಾಗೋದ ಮೇಗ್ಸ್ ಫೀಲ್ಡಿನಿಂದ ಮೇಲೇರಿದರೆ ಕಾಣುತ್ತಿದ್ದದ್ದು ಒಂದಷ್ಟು ಗೆರೆಗಳು, ಮಿಕ್ಕಿದ್ದೆಲ್ಲ ಬಯಲು. ಆ ಬಯಲೇ ಆಡ್-ಆನ್, ಎಂದರೆ ಮೇಲಿಂದ ಕೊಂಡು ಸೇರಿಸುವ ಸರಕಿನ, ಮಾರುಕಟ್ಟೆಗೆ ದಾರಿ ಮಾಡಿತು. ಸಿಮ್ಯುಲೇಟರನ್ನು ರೂಪಿಸಿದ ಬ್ರೂಸ್ ಆರ್ಟ್‌ವಿಕ್ ಅವರ ಸಬ್‌ಲಾಜಿಕ್ ಕಂಪನಿ ಎಂಬತ್ತರ ದಶಕದಲ್ಲೇ ಬೇರೆ ಬೇರೆ ಪ್ರದೇಶಗಳನ್ನು ಫ್ಲಾಪಿಗೆ ತುಂಬಿ ಮಾರಿತು. ಆಮೇಲೆ ವಿಮಾನಗಳೂ ಬಂದವು. ಆದರೆ ಬಹುಪಾಲು ವಿಮಾನಗಳಲ್ಲಿ ಹೊಸತಾಗಿರುತ್ತಿದ್ದದ್ದು ಹೊರಮೈ, ಕಾಕ್‌ಪಿಟ್ಟಿನ ಅರ್ಧಕ್ಕರ್ಧ ಸ್ವಿಚ್ಚುಗಳು ಬರೀ ಚಿತ್ರ. ಅಲ್ಲಿಂದೀಚೆಗಿನ ಬೆಳವಣಿಗೆಯನ್ನು ನೋಡಿದರೆ, ಸೀನರಿಗೆ, ಎಂದರೆ ನೆಲದ ದೃಶ್ಯಗಳಿಗೆ, ಸುರಿದ ದುಡ್ಡು ಸಿಮ್ಯುಲೇಟರಿನ ಪೀಳಿಗೆ ಬದಲಾದಾಗಲೆಲ್ಲ ಕರಗಿದೆ. ಒಂದು ವಿಮಾನವನ್ನು ಆಳವಾಗಿ ಕಲಿಯಲು ಹಾಕಿದ್ದು ಉಳಿದಿದೆ. ಹೊಸದಾಗಿ ಕೊಳ್ಳುವವರು ಲೆಕ್ಕವನ್ನು ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ವಾದ.

2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ನಲ್ಲಿ (ಎಫ್‌ಎಸ್‌ಎಕ್ಸ್) ಸುಮಾರು 24,000 ವಿಮಾನ ನಿಲ್ದಾಣಗಳಿದ್ದವು, ಹೆಚ್ಚಿನವು ಒಂದೇ ಅಚ್ಚಿನವು. ಅದರ ಬೆಂಗಳೂರಿನಲ್ಲಿ ಇಳಿಯಬೇಕಾದದ್ದು ಎಚ್‌ಎಎಲ್ ನಿಲ್ದಾಣದಲ್ಲಿ; ದೇವನಹಳ್ಳಿಯದು ತೆರೆದದ್ದೇ 2008ರಲ್ಲಿ. ಇಂಥ ಕೊರತೆ ತುಂಬಲು ನೂರಾರು ಸೀನರಿಗಳು ಬಂದವು. ಆದರೆ ಆ ಸಿಮ್ಯುಲೇಟರ್ 32 ಬಿಟ್‌ನದು. 4 ಜಿಬಿಗಿಂತ ಹೆಚ್ಚು ಮೆಮೊರಿ ಅದಕ್ಕೆ ದಕ್ಕುತ್ತಿರಲಿಲ್ಲ. ಸೂಕ್ಷ್ಮವಾದ ವಿಮಾನ, ಸೂಕ್ಷ್ಮವಾದ ನಿಲ್ದಾಣ ಎರಡನ್ನೂ ಹೇರಿದರೆ, ಗಂಟೆಗಟ್ಟಲೆ ಹಾರಿ ಇನ್ನೇನು ಇಳಿಯಬೇಕು ಎನ್ನುವಾಗ ಪ್ರೋಗ್ರಾಮ್ ಕುಸಿಯುತ್ತಿತ್ತು. 2012ರ ಮೈಕ್ರೋಸಾಫ್ಟ್ ಫ್ಲೈಟ್ ಹೊರಗಿನವರ ಆಡ್-ಆನ್‌ಗಳಿಗೆ ಬಾಗಿಲನ್ನೇ ಮುಚ್ಚಿತು, ಕೆಲವೇ ತಿಂಗಳಲ್ಲಿ ನಿಂತೂ ಹೋಯಿತು. ದೊಡ್ಡ ಪೆಟ್ಟು ಬಿದ್ದದ್ದು 2020ರಲ್ಲಿ. ಮೈಕ್ರೋಸಾಫ್ಟಿಗಾಗಿ ಅಸೋಬೊ ಕಂಪನಿ ಕಟ್ಟಿದ ಹೊಸ ಸಿಮ್ಯುಲೇಟರ್ ಬಿಂಗ್ ನಕ್ಷೆಗಳ ಭೂಮಿಯನ್ನೇ ಇಂಟರ್ನೆಟ್ಟಿನಲ್ಲಿ ಹರಿಸಿತು. ಹಿಂದೆ ಕೊಂಡಿದ್ದ ಬೆಟ್ಟ, ಕರಾವಳಿ, ರಸ್ತೆಗಳ ಪ್ಯಾಕೇಜುಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ವಿಮಾನವೂ ಹೊಸ ಸಿಮ್ಯುಲೇಟರಿಗೆ ತಾನಾಗಿ ಬರುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವೇ. ಆಡ್-ಆನ್ ವಿಮಾನಗಳ ಕಂಪನಿ ಪಿಎಂಡಿಜಿ 2011ರಲ್ಲಿ ಎಫ್‌ಎಸ್‌ಎಕ್ಸ್‌ಗೆ ಕೊಟ್ಟ 737 ಅನ್ನು ಕೊಂಡವರು 2022ರಲ್ಲಿ ಹೊಸ ಸಿಮ್ಯುಲೇಟರಿಗೆಂದು ಮತ್ತೆ ದುಡ್ಡು ತೆರಬೇಕಾಯಿತು. ಆದರೆ ಅವರು ಹೈಡ್ರಾಲಿಕ್ ಪಂಪಿನ ಸ್ವಿಚ್ಚು ಎಲ್ಲಿದೆ, ಫ್ಲೈಟ್ ಕಂಪ್ಯೂಟರಿಗೆ ದಾರಿ ಹೇಗೆ ಊಡಬೇಕು ಎಂದು ಮತ್ತೆ ಕಲಿಯಬೇಕಾಗಲಿಲ್ಲ. ಅವೆಲ್ಲ ಬೋಯಿಂಗ್ ಇಟ್ಟ ಜಾಗದಲ್ಲೇ ಇದ್ದವು. ಮೇಲಾಗಿ, ಆಳ ಎಂದರೆ ದುಬಾರಿ ಎಂಬ ಮಾತು ಈಗ ನಿಲ್ಲುವುದಿಲ್ಲ. ಎಕ್ಸ್-ಪ್ಲೇನ್ ಎಂಬ ಬೇರೊಂದು ಸಿಮ್ಯುಲೇಟರಿನ ಜೀಬೊ 737, ಫ್ಲೈಬೈವೈರ್ ತಂಡದ ಎ320 ನಿಯೋ ಎರಡೂ ಪುಕ್ಕಟೆ, ಎರಡೂ ದುಡ್ಡು ಕೊಟ್ಟ ಎಷ್ಟೋ ವಿಮಾನಗಳಿಗಿಂತ ವಾಸಿ. ಮೊದಲು ಇವುಗಳಲ್ಲಿ ಒಂದನ್ನು ಪೂರ್ತಿ ಅರಗಿಸಿಕೊಂಡು, ಅದರಲ್ಲಿ ಯಾವುದು ಸಾಲದು ಎಂದು ತಾನೇ ಹೇಳಬಲ್ಲವನಾದ ಮೇಲೆ ಪರ್ಸು ತೆಗೆಯುವುದು ಮೇಲು. ಫ್ಲೈಟ್ ಕಂಪ್ಯೂಟರಿಗೆ ಬೇಕಾದ ದಾರಿಯ ದತ್ತಾಂಶವೂ ಅಷ್ಟೇ, ಅಗತ್ಯ ಕಂಡ ಮೇಲೆ ಕೊಂಡರಾಯಿತು: ನಿಜವಾದ ವಿಮಾನಯಾನದಲ್ಲಿ ಅದು 28 ದಿನಕ್ಕೊಮ್ಮೆ ಬದಲಾಗುತ್ತದೆ. ವ್ಯಾಟ್‌ಸಿಮ್‌ನಂಥ ಆನ್‌ಲೈನ್ ಜಾಲದಲ್ಲಿ ಕಂಟ್ರೋಲರುಗಳ ಮಾತು ಕೇಳಿ ಹಾರುವವರಿಗೆ ಅದರ ಚಂದಾ ಬೇಕಾದೀತು; ಒಬ್ಬರೇ ಹಾರುವವರಿಗೆ ಹಳೆಯದೇ ಸಾಕು.

ಎಲ್ಲರಿಗೂ ಈ ಓದು ಬೇಡ, ಸಂಜೆ ಹೊತ್ತು ಸೆಸ್ನಾದಲ್ಲಿ ಮೋಡದ ಕೆಳಗೆ ಸುತ್ತಾಡಿದರೆ ಸಾಕು ಎನ್ನುವವರಿಗೆ ನನ್ನ ಲೆಕ್ಕ ಸಡಿಲವಾಗುತ್ತದೆ. ಅವರ ಸುಖವೇ ಕೆಳಗಿನ ನೆಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಾಂಗ್‌ಕಾಂಗಿನ ಕೈ ಟಾಕ್. ನಿಜವಾದ ನಿಲ್ದಾಣ 1998ರಲ್ಲೇ ಮುಚ್ಚಿದರೂ ಸಿಮ್ಯುಲೇಟರ್ ಬಳಗದಲ್ಲಿ ಅದರ ಸೀನರಿಗೆ ಇಂದಿಗೂ ಬೇಡಿಕೆಯಿದೆ. ಹಾಗಾದರೆ ನೆಲವೂ ಉಳಿಯಿತಲ್ಲ? ಉಳಿದದ್ದು ನಿಲ್ದಾಣದ ಕಟ್ಟಡಗಳಿಗಾಗಿ ಅಲ್ಲ. ಗುಡ್ಡದ ಮೇಲಿನ ಚೌಕುಳಿ ಫಲಕ ಕಂಡೊಡನೆ ಆಟೋಪೈಲಟ್ ಬಿಟ್ಟು, ಮನೆಗಳ ತಾರಸಿಯ ಮೇಲೆ 47 ಡಿಗ್ರಿ ಬಲಕ್ಕೆ ಹೊರಳಿ, ರನ್‌ವೇಗೆ ನೇರವಾಗಬೇಕಾದ ಆ ಕೊನೆಯ ತಿರುವಿಗಾಗಿ. ಬೀಸುವ ಅಡ್ಡಗಾಳಿಯಲ್ಲಿ 747 ಹೇಗೆ ವಾಲುತ್ತದೆಂಬ ಅಂದಾಜಿಲ್ಲದವರು ಆ ಸೀನರಿಯನ್ನು ಎಷ್ಟು ಕೊಟ್ಟು ತಂದರೂ ಸಮುದ್ರಕ್ಕೇ ಇಳಿಯುತ್ತಾರೆ.