ತಾತನ ಮಣ ಯಾವ ಮಣ?



ಈಚೆಗೆ ಮಂಡ್ಯದ ಕಡೆ ಒಂದು ಆಲೆಮನೆಯಲ್ಲಿ ಕುಳಿತಿದ್ದೆ. ಅಲ್ಲಿಯ ಹುಡುಗ ತನ್ನ ತಾತನ ಲೆಕ್ಕದ ಪುಸ್ತಕ ತಂದು ಮುಂದಿಟ್ಟ. “ನೋಡಿ ಸಾರ್, 1954ರಲ್ಲಿ ಎಕರೆಗೆ 200 ಮಣ ಬೆಲ್ಲ! ಮಣಕ್ಕೆ 37 ಕಿಲೋ ಅಂದರೆ 74 ಕ್ವಿಂಟಾಲು. ನನಗೆ 35 ದಾಟಲಿಲ್ಲ. ಈ ಹೊಸ ತಳಿ, ಗೊಬ್ಬರ ಎಲ್ಲಾ ಬಿಟ್ಟುಬಿಡ್ತೀನಿ” ಎಂದ.

ಗುಣಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಮಣ.

ಹಿಂದೆ ತೂಕಕ್ಕೆಲ್ಲ ಬುಡ ತೊಲ. 1835ರಿಂದ ಟಂಕಿಸಿದ ಬೆಳ್ಳಿ ರೂಪಾಯಿಯ ತೂಕವೇ ಒಂದು ತೊಲ; ಈಗಿನ ಲೆಕ್ಕದಲ್ಲಿ 11.66 ಗ್ರಾಂ. ನಿಮ್ಮ ಮನೆಯಲ್ಲಿ ಅಜ್ಜಿ ಇಟ್ಟ ಹಳೆಯ ಬೆಳ್ಳಿ ರೂಪಾಯಿ ಇದ್ದರೆ ಕೈಯಲ್ಲಿ ತೂಗಿ ನೋಡಿ. ಎಷ್ಟು ತೊಲಕ್ಕೆ ಒಂದು ಸೇರು ಎಂಬಲ್ಲಿಯೇ ಊರಿಗೊಂದು ನ್ಯಾಯ. ಉತ್ತರದವರ, ರೈಲಿನವರ ಸೇರಿಗೆ 80 ತೊಲ, ಅಂದರೆ 933 ಗ್ರಾಂ. ಅಂಥ 40 ಸೇರು ಕೂಡಿದರೆ 37 ಕಿಲೋ 320 ಗ್ರಾಮಿನ ದೊಡ್ಡ ಮಣ. ಹಳೇ ಮೈಸೂರಿನ ತೂಕದ ಸೇರಿಗಾದರೋ 24 ತೊಲ ಮಾತ್ರ, 280 ಗ್ರಾಂ. ಅದರ ಮಣವೂ 40 ಸೇರೇ, ಆದರೆ ತೂಗಿದರೆ 11 ಕಿಲೋ 200 ಗ್ರಾಂ. ಮುಂಬಯಿ ಮಣ 28 ಪೌಂಡು, ಸುಮಾರು 12 ಕಿಲೋ 700 ಗ್ರಾಂ. ಹೆಸರು ಒಂದೇ, ಹೊರೆ ಬೇರೆ!

ಈಗ ತಾತನ ಲೆಕ್ಕ ಹಾಕೋಣ. 200 ಮಣವನ್ನು 11.2ರಿಂದ ಗುಣಿಸಿ: 2,240 ಕಿಲೋ, ಅಂದರೆ 22 ಕ್ವಿಂಟಾಲು 40 ಕಿಲೋ. ಮೊಮ್ಮಗ ತಾತನಿಗಿಂತ ಒಂದೂವರೆ ಪಾಲು ಬೆಳೆದಿದ್ದಾನೆ. ಹುಡುಗ ಮೂರು ಸಲ ಗುಣಿಸಿ ನೋಡಿ ನಕ್ಕ.

1956ರ ನವೆಂಬರಿನಲ್ಲಿ ಕನ್ನಡ ನಾಡು ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಇಷ್ಟೂ ಕಡೆಯ ತಕ್ಕಡಿಗಳು ಒಂದೇ ರಾಜ್ಯಕ್ಕೆ ಬಂದವು. ಒಂದು ಸಂತೆಯ ಧಾರಣೆಯನ್ನು ಇನ್ನೊಂದು ಸಂತೆಗೆ ಹೋಲಿಸುವುದು ಓದುಬರಹ ಬಲ್ಲವನಿಗೂ ಕಷ್ಟ. ಲಾಭವೆಲ್ಲ ಎರಡೂ ಮಣ ಬಲ್ಲ ವ್ಯಾಪಾರಿಗೆ. ಅದೇ ವರ್ಷ ಪಾರ್ಲಿಮೆಂಟು ತೂಕ ಮತ್ತು ಅಳತೆಗಳ ಕಾಯಿದೆ ಮಾಡಿತು. 1958ರ ಅಕ್ಟೋಬರಿನಿಂದ ಆಯ್ದ ಪ್ರದೇಶಗಳಲ್ಲಿ ಕಿಲೋ ಬಂತು. 1962ರ ಏಪ್ರಿಲಿನಿಂದ ವ್ಯಾಪಾರದಲ್ಲಿ ಮೆಟ್ರಿಕ್ ತೂಕವೇ ಕಡ್ಡಾಯವಾಯಿತು.

ಪುಸ್ತಕದ ಮುಂದಿನ ಪುಟದಲ್ಲಿ ‘ರಾಗಿ 6 ಖಂಡುಗ’ ಎಂದಿತ್ತು. ಇದು ತೂಕವಲ್ಲ, ಅಳತೆ. (ಹೊಲದ ವಿಸ್ತಾರವನ್ನೂ ಖಂಡುಗದಲ್ಲಿ ಹೇಳುತ್ತಿದ್ದರು; ಅದು ಬೇರೆ ಮಾತು.) 20 ಕೊಳಗಕ್ಕೆ ಒಂದು ಖಂಡುಗ ಸರಿ, ಆದರೆ ಕೊಳಗ ಊರೂರಿಗೆ ಬೇರೆ. ಅದಕ್ಕೆ ಪುಸ್ತಕದ ಕೋಷ್ಟಕ ಸಾಲದು. ಅಟ್ಟದ ಮೇಲೆ ಹಳೆಯ ಕೊಳಗ ಇದೆಯೇ ಹುಡುಕಿ. ಬಾಯಿಮಟ್ಟಕ್ಕೆ ರಾಗಿ ತುಂಬಿ, ಆ ರಾಗಿಯನ್ನು ತಕ್ಕಡಿಗೆ ಹಾಕಿ ತೂಗಿ, ಬಂದ ಕಿಲೋವನ್ನು 20ರಿಂದ ಗುಣಿಸಿ ಆ ಪುಟದ ಅಂಚಿನಲ್ಲಿಯೇ ಬರೆದಿಡಿ.